ಬೇಡ ಎಂದ ದಿನದ ಕೂಲಿ

ನಮ್ಮದು ಮರ ಸವರುವ ಕಸುಬು ಎಂದಾಗ ಹೆಚ್ಚಿನವರು ಮೊದಲು ನನ್ನ ಅಂಗೈ ನೋಡುತ್ತಾರೆ. ಬಳೆ ತೊಟ್ಟ ಕೈಯಲ್ಲಿ ಮಚ್ಚು ಹಿಡಿದ ಗುರುತೇನಾದರೂ ಇದೆಯೇ ಎಂಬ ಕುತೂಹಲ. ಗುರುತೇನೂ ಇಲ್ಲ. ನಾನು ಮರ ಹತ್ತುವವಳಲ್ಲ, ಹತ್ತಿಸುವವಳು. ಫೋನು ಬಂದಾಗ ಹೋಗಿ ಮರ ನೋಡಿ ದರ ಹೇಳುವುದು, ಗಾಡಿಗೆ ಡೀಸೆಲ್ ಹಾಕಿಸುವುದು, ಸಂಜೆ ಕೂಲಿ ಎಣಿಸಿ ಕೊಡುವುದು ನನ್ನ ಪಾಲಿನ ಕೆಲಸ. ನಲವತ್ತು ಅಡಿ ಮೇಲೆ ಕೊಂಬೆಗೆ ಕಾಲು ಸುತ್ತಿ ನಿಲ್ಲುವುದು ಇನ್ನೊಬ್ಬರ ಪಾಲು. ಹೀಗೆ ಪಾಲು ಮಾಡಿಕೊಂಡದ್ದು ನ್ಯಾಯವೇ ಎಂಬ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಶಿವಮೊಗ್ಗದಲ್ಲಿ ನಮ್ಮ ಮಾವನವರು ಸೌದೆ ಡಿಪೋ ಇಟ್ಟಿದ್ದರು. ಮನೆಮನೆಗೆ ಗ್ಯಾಸು ಬಂದಮೇಲೆ ಸೌದೆ ಕೇಳುವವರು ಕಡಿಮೆಯಾದರು. ‘ನಮ್ಮ ಮನೆಯ ಕೊಂಬೆ ಕಡಿದುಕೊಂಡು ಹೋಗಿ’ ಎನ್ನುವವರು ಹೆಚ್ಚಾದರು. ಹಾಗೆ ಸೌದೆ ಮಾರುತ್ತಿದ್ದ ಮನೆ ಮರ ಸವರುವ ಮನೆಯಾಯಿತು. ಈಗ ಒಂದು ಟಾಟಾ ಏಸ್ ಇದೆ, ದೊಡ್ಡ ದಿಮ್ಮಿಗಳಿದ್ದರೆ ಟ್ರ್ಯಾಕ್ಟರು ಬಾಡಿಗೆಗೆ ತರುತ್ತೇವೆ. ಎರಡು ಗರಗಸದ ಯಂತ್ರ, ಹಗ್ಗಗಳು, ಸೊಂಟಪಟ್ಟಿ, ಹೆಲ್ಮೆಟ್ಟು, ಐದು ಜನ. ಇಬ್ಬರು ಹತ್ತುವವರು, ಒಬ್ಬರು ಕೆಳಗೆ ನಿಂತು ಹಗ್ಗ ಹಿಡಿಯುವವರು, ಇಬ್ಬರು ಕೊಂಬೆ ತುಂಡರಿಸಿ ಗಾಡಿಗೆ ತುಂಬುವವರು. ಹಲಸಿನ ಸೊಪ್ಪು ಮೇಕೆ ಸಾಕಿದವರಿಗೆ ಹೋಗುತ್ತದೆ, ಸೌದೆ ಹೋಟೆಲಿಗೂ ಮದುವೆ ಅಡಿಗೆಯವರಿಗೂ ಹೋಗುತ್ತದೆ. ಹತ್ತುವವರಲ್ಲಿ ಹಿರಿಯರು ಮಲೆನಾಡಿನ ತೋಟಗಳಲ್ಲಿ ಅಡಿಕೆ ಕೊನೆ ಕೊಯ್ದವರು. ಒಂದು ಮರದ ತುದಿಯಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟಿ ಅಭ್ಯಾಸವಿದ್ದ ಜೀವ ಅದು.

ಮುಂಗಾರಿಗೆ ಮೊದಲಿನ ಎರಡು ತಿಂಗಳು ನಮಗೆ ಬಿಡುವೇ ಇಲ್ಲ. ಮೇ ತಿಂಗಳಲ್ಲಿ ಗುಡುಗು ಕೇಳಿದೊಡನೆ ಊರಿಗೆ ಊರೇ ತಲೆಯೆತ್ತಿ ತನ್ನ ಮರಗಳನ್ನು ನೋಡುತ್ತದೆ. ಹೆಂಚಿನ ಮೇಲೆ ಬಾಗಿದ ಹಲಸು, ಕಾಂಪೌಂಡಿಗೆ ಒರಗಿದ ಗುಲ್‌ಮೊಹರ್, ಕರೆಂಟು ತಂತಿಗೆ ತಾಗುವ ಸಿಲ್ವರ್ ಓಕ್. ಬುಡಸಮೇತ ಕಡಿಯುವುದಾದರೆ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ಕೆಲವು ಜಾತಿಗಳನ್ನು ಬಿಟ್ಟು, ವೃಕ್ಷಾಧಿಕಾರಿಯ ಅನುಮತಿ ಬೇಕು. ತಂತಿಯ ಪಕ್ಕದ ಮರವಾದರೆ ಲೈನು ನಿಲ್ಲಿಸಿದ ಮೇಲೆಯೇ ಹತ್ತಬೇಕು. ಮಾವಿನಲ್ಲಿ ಚಗಳಿ ಇರುವೆಯ ಗೂಡು, ಎತ್ತರದ ಮರದಲ್ಲಿ ಹೆಜ್ಜೇನು ಇದೆಯೇ ನೋಡಬೇಕು. ಇವೆಲ್ಲ ಕೆಳಗಿನಿಂದ ಕಾಣುವ ಅಪಾಯಗಳು. ಕಾಣದ ಅಪಾಯ ಮರದ ಒಳಗಿರುತ್ತದೆ.

ನಮ್ಮ ಮೈಯ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಅಲೆಕ್ಸ್ ಶೀಗೊ ಎಂಬ ಅಮೆರಿಕದ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ, 1977ರಲ್ಲಿ ಇದನ್ನು ಚಿತ್ರಸಮೇತ ವಿವರಿಸಿದರು. ಮರ ಕೆಟ್ಟ ಭಾಗವನ್ನು ಸರಿಮಾಡುವುದಿಲ್ಲ. ಅದರ ಸುತ್ತ ಗೋಡೆ ಕಟ್ಟಿ, ಮೇಲೆ ಹೊಸ ಮರ ಬೆಳೆಸಿಕೊಂಡು ಮುಚ್ಚುತ್ತದೆ. ಕೆಟ್ಟದ್ದು ಒಳಗೇ ಉಳಿಯುತ್ತದೆ. ಅದಕ್ಕೇ ಭಾರದ ಕೊಂಬೆಯನ್ನು ಮೂರು ಸಲ ಕೊಯ್ಯಬೇಕು. ಬುಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಅದಕ್ಕಿಂತ ಆಚೆ ಮೇಲಿನಿಂದ ಪೂರ್ತಿ. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು ಬುಡದ ಉಬ್ಬಿಗೆ ತಾಗದಂತೆ, ಅದರ ಹೊರಗೆ ಕೊನೆಯ ಕೊಯ್ತ. ಹೀಗೆ ಮಾಡಿದರೆ ತೊಗಟೆ ಹರಿಯುವುದಿಲ್ಲ, ಗಾಯ ಬೇಗ ಮುಚ್ಚುತ್ತದೆ. ಬದಲಿಗೆ ಮರದ ನೆತ್ತಿಯನ್ನೇ ಬೋಳಿಸಿಬಿಟ್ಟರೆ, ಕಡಿದ ಜಾಗದಲ್ಲಿ ಕೊಳೆ ಇಳಿಯುತ್ತದೆ. ಅದರ ಅಂಚಿನಿಂದಲೇ ಚಿಗುರು ನುಗ್ಗಿ ಬಂದು ನಾಲ್ಕಾರು ವರ್ಷಗಳಲ್ಲಿ ದಪ್ಪ ಕೊಂಬೆಗಳಾಗುತ್ತವೆ. ನೋಡಲು ಹಸಿರೋ ಹಸಿರು. ಹಿಡಿತ ಮಾತ್ರ ಇರುವುದಿಲ್ಲ.

ಅಂಥದ್ದೇ ಒಂದು ಮಳೆಮರ ಒಂದು ಮನೆಯ ಹಿತ್ತಲಲ್ಲಿತ್ತು. ಹಿಂದೆ ಯಾರೋ ನೆತ್ತಿ ಬೋಳಿಸಿದ್ದರು. ಹಿಂದಿನ ರಾತ್ರಿ ಮಳೆ ಬಿದ್ದು ಕೊಂಬೆಗಳು ನೀರು ಕುಡಿದಿದ್ದವು. ನಮ್ಮ ಹಿರಿಯರು ಹತ್ತು ಹನ್ನೆರಡು ಅಡಿ ಹತ್ತಿ, ಮಚ್ಚಿನ ಹಿಂಬದಿಯಿಂದ ಕಾಂಡಕ್ಕೆ ಬಡಿದು, ಕಿವಿಯಿಟ್ಟು ಕೇಳಿ, ಇನ್ನೊಂದು ಕಡೆ ಬಡಿದು, ಸುಮ್ಮನೆ ಇಳಿದು ಬಂದರು. ‘ಬೇಡಮ್ಮ, ಒಳಗೆ ಟೊಳ್ಳಿದೆ’ ಎಂದರು. ಮನೆಯ ಯಜಮಾನರಿಗೆ ಸಿಟ್ಟು ಬಂತು. ‘ಹತ್ತಲಿಕ್ಕೆ ತಾನೇ ನೀವು ಬಂದದ್ದು?’ ಎಂದರು. ನಾನು ಹಗ್ಗ ಸುತ್ತಿಸಿ ಗಾಡಿ ತಿರುಗಿಸಿದೆ. ಆ ಸಂಜೆ ಐವರಿಗೂ ಪೂರ್ತಿ ಕೂಲಿ ಕೊಟ್ಟೆ. ಕೊಡುವುದು ಅಂದಿನದಲ್ಲ, ನಮ್ಮಲ್ಲಿ ಮೊದಲಿನಿಂದಲೂ ಇರುವ ಪದ್ಧತಿ. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಕಲಮೇ ಇದೆ: ‘ಬೇಡ’ ಎಂದು.

ಇದನ್ನು ಕೇಳಿದವರು ನಗುತ್ತಾರೆ. ಕೆಲಸ ಮಾಡದ ದಿನಕ್ಕೂ ಕೂಲಿಯೇ? ನಾನು ಕೇಳುವುದು ಇಷ್ಟೇ. ‘ಬೇಡ’ ಎಂದರೆ ಅಂದಿನ ಅನ್ನ ಹೋಗುತ್ತದೆ ಎಂದಾದರೆ, ‘ಆಗಲಿ’ ಎಂದದ್ದಕ್ಕೆ ಬೆಲೆಯೇನು? ಮನೆಯಲ್ಲಿ ಸಾಲದ ಕಂತಿದೆ, ಮಗುವಿನ ಶಾಲೆಯ ಫೀಸಿದೆ. ಅಂಥವರು ಟೊಳ್ಳು ಮರವನ್ನೂ ಗಟ್ಟಿ ಎಂದೇ ಕೇಳಿಸಿಕೊಂಡಾರು. ಕಿವಿಯ ದೋಷವಲ್ಲ ಅದು, ಹೊಟ್ಟೆಯ ಒತ್ತಾಯ. ಆಮೇಲೆ ಏನಾದರೂ ಆದರೆ ನಾವು ಹೇಳುವ ಮಾತು ಸಿದ್ಧವಾಗಿರುತ್ತದೆ: ‘ಅವರೇ ಒಪ್ಪಿ ಹತ್ತಿದರಲ್ಲ!’ ಅಟ್ಟಕ್ಕೆ ಹತ್ತಿಸಿ ಏಣಿ ತೆಗೆದ ಹಾಗೆ.

ಕಾನೂನು ಓದುತ್ತಿರುವ ನನ್ನ ಮಗಳು ಒಂದು ಹಳೆಯ ಮೊಕದ್ದಮೆಯ ವಿಷಯ ಹೇಳಿದಳು. ಇಂಗ್ಲೆಂಡಿನಲ್ಲಿ ಸ್ಮಿತ್ ಎಂಬ ಕೆಲಸಗಾರ ರೈಲು ದಾರಿಗಾಗಿ ಬಂಡೆ ಕೊರೆಯುತ್ತಿದ್ದ. ಅವನ ತಲೆಯ ಮೇಲಿಂದಲೇ ಕ್ರೇನು ಕಲ್ಲುಗಳನ್ನು ಸಾಗಿಸುತ್ತಿತ್ತು. ಅಪಾಯ ಅವನಿಗೂ ಗೊತ್ತಿತ್ತು. ಒಂದು ದಿನ ಕಲ್ಲು ಬಿತ್ತು. ಒಪ್ಪಿದವನಿಗೆ ಅನ್ಯಾಯವಾಗದು ಎಂಬ ಹಳೆಯ ಸೂತ್ರವನ್ನು ಗುತ್ತಿಗೆದಾರರಾದ ಬೇಕರ್ ಕಡೆಯವರು ಹಿಡಿದರು. 1891ರಲ್ಲಿ ಅಲ್ಲಿನ ಲಾರ್ಡ್ಸ್ ಸಭೆ, ಅಪಾಯ ಗೊತ್ತಿದ್ದೂ ಕೆಲಸ ಬಿಡಲಿಲ್ಲ ಎಂದ ಮಾತ್ರಕ್ಕೆ ಅದನ್ನು ಒಪ್ಪಿಕೊಂಡ ಎಂದಾಗದು ಎಂದು ತೀರ್ಪು ಕೊಟ್ಟಿತು. ನಮ್ಮ ದೇಶದಲ್ಲೂ 1923ರಲ್ಲೇ ಕೆಲಸಗಾರರ ಪರಿಹಾರ ಕಾಯಿದೆ ಬಂತು. ಸಂತೋಷ. ಆದರೆ ಪರಿಹಾರ ಬರುವುದು ಬಿದ್ದಮೇಲೆ. ನನಗೆ ಬೇಕಾದದ್ದು ಹತ್ತುವ ಮೊದಲಿನ ನ್ಯಾಯ.

ಇದರ ವಿರುದ್ಧ ಹೇಳುವ ಮಾತುಗಳೂ ಇವೆ, ನಾನೇ ನನಗೆ ಹೇಳಿಕೊಂಡಿದ್ದೇನೆ. ದಿನಾ ‘ಬೇಡ’ ಎಂದು ಕುಳಿತರೆ? ಹಾಗೆ ಕುಳಿತವರನ್ನು ನಾನು ಕಂಡಿಲ್ಲ. ಮರ ಹತ್ತುವವರಿಗೆ ಹತ್ತುವುದರಲ್ಲಿ ಒಂದು ಹೆಮ್ಮೆಯಿದೆ. ಇಳಿದು ಬಂದು ಆಗದು ಎನ್ನುವುದೇ ಅವರಿಗೆ ಕಷ್ಟ. ತಿಂಗಳಿಗೆ ಒಂದೋ ಎರಡೋ ಸಲ ಆ ಕಲಮು ತುಂಬುತ್ತದೆ. ಆ ಖರ್ಚನ್ನು ಉಳಿದ ಕೆಲಸಗಳ ದರದಲ್ಲಿ ಸೇರಿಸುತ್ತೇನೆ. ಗೇಟಿನ ಬಳಿ ‘ಒಂದು ಕೊಂಬೆಗೆ ಇಷ್ಟಾ?’ ಎಂದು ಕೇಳುವ ಅಕ್ಕಂದಿರಿಗೆ ಈ ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇನೆ. ಕೆಲವರು ಒಪ್ಪುತ್ತಾರೆ, ಕೆಲವರು ಬೇರೆಯವರನ್ನು ಕರೆಯುತ್ತಾರೆ.

ಕಷ್ಟದ ಪ್ರಶ್ನೆ ಇರುವುದು ಆ ‘ಬೇರೆಯವರ’ಲ್ಲಿ. ನಾವು ಬಿಟ್ಟುಬಂದ ಮಳೆಮರಕ್ಕೂ ಅವರು ಇನ್ನೊಂದು ತಂಡ ಕರೆಸಿದರು. ಕ್ರೇನು ತರಿಸಿ, ತೊಟ್ಟಿಯಲ್ಲಿ ನಿಂತು ಕೊಯ್ಯಿಸಿ ಎಂದು ಹೇಳಿ ಬಂದಿದ್ದೆ; ಬಾಡಿಗೆ ದುಬಾರಿಯೆಂದು ಬಿಟ್ಟರು. ಇಪ್ಪತ್ತು ದಾಟದ ಹುಡುಗನೊಬ್ಬ ಸೊಂಟಕ್ಕೆ ಹಗ್ಗವೂ ಇಲ್ಲದೆ ಹತ್ತಿ, ಕಡಿದು, ಇಳಿದು ಹೋದನಂತೆ. ಏನೂ ಆಗಲಿಲ್ಲ. ಹಾಗಾದರೆ ನಾವು ಹೆದರಿದ್ದು ಸುಮ್ಮನೆಯೇ? ನನ್ನ ನೀತಿ ನಮ್ಮವರ ತಲೆಯಿಂದ ಆ ಹುಡುಗನ ತಲೆಗೆ ಅಪಾಯವನ್ನು ದಾಟಿಸಿದ್ದಷ್ಟೇ ತಾನೇ?

ಮೊದಲನೆಯದಕ್ಕೆ ಉತ್ತರವಿದೆ. ರಸ್ತೆಯನ್ನು ಕಣ್ಣು ಮುಚ್ಚಿ ದಾಟಿದವರು ಆಚೆ ದಡ ಸೇರಿದರೆ, ಕಣ್ಣು ಮುಚ್ಚಿದ್ದು ಸರಿಯೆಂದಾಗುವುದಿಲ್ಲ. ಎರಡನೆಯದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಇಡೀ ಊರಿನ ಮರಗಳಿಗೆ ನಾನು ಯಜಮಾನಿಯಲ್ಲ. ನನ್ನ ಗಾಡಿ ಹತ್ತಿದ ಐವರ ಮಟ್ಟಿಗೆ ಮಾತ್ರ ನನ್ನ ಮಾತು ನಡೆಯುತ್ತದೆ. ಎಲ್ಲರನ್ನೂ ಉಳಿಸಲಾಗದು ಎಂಬುದು ಈ ಐವರನ್ನು ಕಳಿಸಲು ಕಾರಣವಾಗಬಾರದು, ಅಷ್ಟೇ. ಉಳಿದದ್ದು ಮರದ ಮನೆಯವರ ಪಾಲಿಗೆ ಬಿಟ್ಟದ್ದು.

ಮರದ ಮನೆಯವರು ಎಂದೆ. ಅವರಲ್ಲಿ ನಾವೂ ನೀವೂ ಇದ್ದೇವೆ. ಹಬ್ಬ ಬಂದಾಗ ಮಹಡಿಯ ಕಿಟಕಿಯ ಹೊರಗಿನ ಸಜ್ಜದ ಮೇಲೆ ನಿಂತು ಗಾಜು ಒರೆಸು ಎಂದು ಕೆಲಸದವಳಿಗೆ ಹೇಳುವುದಿಲ್ಲವೇ? ಅವಳು ಒಮ್ಮೆ ಕೆಳಗೆ ನೋಡಿ, ಸೆರಗು ಸಿಕ್ಕಿಸಿ, ‘ಆಗಲಿ ಅಮ್ಮ’ ಎನ್ನುತ್ತಾಳೆ. ಆ ‘ಆಗಲಿ’ಯಲ್ಲಿ ಎಷ್ಟು ಪಾಲು ಅವಳದು, ಎಷ್ಟು ಪಾಲು ತಿಂಗಳ ಸಂಬಳದ್ದು? ಈ ಲೆಕ್ಕ ಹೆಂಗಸರಿಗೆ ಅರ್ಥವಾಗದ್ದೇನಲ್ಲ. ‘ನೀನೇ ಒಪ್ಪಿದ್ದೆಯಲ್ಲ’ ಎಂಬ ಮಾತನ್ನು ನಮ್ಮಲ್ಲಿ ಎಷ್ಟು ಜನ ಕೇಳಿಲ್ಲ! ಸಂಬಂಧ ಕೂಡುವಾಗ, ಓದು ಬಿಡುವಾಗ, ಕೆಲಸಕ್ಕೆ ರಾಜೀನಾಮೆ ಕೊಡುವಾಗ ನಮ್ಮನ್ನೂ ಕೇಳಿದ್ದರು. ಬೇಡ ಎಂದಿದ್ದರೆ ಮುಂದೇನು ಎಂಬುದಕ್ಕೆ ಮಾತ್ರ ಯಾರೂ ದಾರಿ ಇಟ್ಟಿರಲಿಲ್ಲ. ಒಪ್ಪಿಗೆಯೆಂಬುದು ಬಾಯಿಂದ ಬರುವ ಶಬ್ದವಷ್ಟೇ ಅಲ್ಲ ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಅಪಾಯದ ಕೆಲಸವೇ ಬೇಡ ಎಂದು ನಾನು ಹೇಳುತ್ತಿಲ್ಲ. ಗಾಳಿ ಮಳೆಗೆ ಕೊಂಬೆ ಮುರಿದು ಹೆಂಚಿನ ಮೇಲೆ ಬೀಳುವುದೂ ಅಪಾಯವೇ; ಅದನ್ನು ತಪ್ಪಿಸಲು ಯಾರಾದರೂ ಹತ್ತಲೇಬೇಕು. ಹತ್ತಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಳಿದು ಬಂದು ‘ಆಗದು’ ಎಂದರೆ ಈ ಮನುಷ್ಯ ಏನನ್ನು ಕಳೆದುಕೊಳ್ಳುತ್ತಾರೆ? ಏನೂ ಇಲ್ಲ ಎಂದು ಹೇಳುವ ಹಾಗಿದ್ದರೆ ಮಾತ್ರ ಅವರ ‘ಆಗಲಿ’ಯನ್ನು ನಂಬಬಹುದು. ಆ ಹಾಗೆ ಮಾಡಿಕೊಡುವ ಖರ್ಚು ನಮ್ಮದು, ಕೆಳಗೆ ನಿಂತವರದು.