ಬೇಕೆಂದು ಪಡುವ ದಣಿವು

ಉರ್ದು ಶಾಲೆಯಲ್ಲಿ ಓದುವಾಗ ಎರಡು ಶಬ್ದಗಳು ನಮ್ಮನ್ನು ಬಹಳ ಗೊಂದಲಕ್ಕೆ ಕೆಡವುತ್ತಿದ್ದವು. ಒಂದು ಮಶ್ಕ್, ಇನ್ನೊಂದು ಮಶಕ್ಕತ್. ಪಾಠದ ಕೊನೆಗೆ ಬರುವ ಪ್ರಶ್ನೆಗಳ ಮೇಲೆ ಮಶ್ಕ್ ಎಂದು ಬರೆದಿರುತ್ತಿತ್ತು, ಅಂದರೆ ಅಭ್ಯಾಸ. ಮಶಕ್ಕತ್ ಎಂದರೆ ಮೈ ಮುರಿಯುವ ದುಡಿತ, ಯಾತನೆ. ಕೋರ್ಟಿನ ಉರ್ದುವಿನಲ್ಲಿ ಕಠಿಣ ಸಜೆಗೆ ‘ಕೈದ್-ಎ-ಬಾಮಶಕ್ಕತ್’ ಎನ್ನುತ್ತಾರೆ. ಎರಡೂ ಒಂದೇ ತಾಯಿಯ ಮಕ್ಕಳೆಂದು ನಾವು ನಂಬಿದ್ದೆವು. ಇಲ್ಲ, ಅವುಗಳ ಧಾತುಗಳೇ ಬೇರೆ ಎಂದು ಉಸ್ತಾದರು ತಿಳಿಸಿ ಹೇಳಿದ ಮೇಲೂ ಕಿವಿಗೆ ಮಾತ್ರ ಅವು ಅಣ್ಣ ತಮ್ಮಂದಿರಂತೆಯೇ ಕೇಳಿಸುತ್ತಿದ್ದವು. ನಲವತ್ತು ದಾಟಿದ ಮೇಲೆ, ಕರೋಶಿಯ ಹೊಲದ ದಾರಿಯಲ್ಲಿ ಚಳಿಗಾಲದ ನಸುಕಿನಲ್ಲಿ ಓಡುವಾಗ ಆ ಎರಡು ಶಬ್ದಗಳು ಮತ್ತೆ ನಮಗೆ ಎದುರಾದವು.

ನಾವು ಓಡುವವರು ನಾಲ್ವರು. ಒಬ್ಬರು ಹೈಸ್ಕೂಲಿನ ಮಾಸ್ತರರು, ಒಬ್ಬ ಗೊಬ್ಬರದ ಅಂಗಡಿಯವ, ಒಬ್ಬ ಬ್ಯಾಂಕಿನ ನೌಕರ, ನಾಲ್ಕನೆಯವರು ಕತೆ ಬರೆಯುವ ನಾವು. ಶುರುವಾದದ್ದು ಸಕ್ಕರೆ ಕಾಯಿಲೆಯ ಭಯದಿಂದ, ಬರೀ ನಡಿಗೆಯಾಗಿ. ನಡಿಗೆ ಯಾವಾಗ ಓಟವಾಯಿತೋ ಗೊತ್ತಾಗಲಿಲ್ಲ. ಡಾಂಬರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಕಾಟವೆಂದು ಹೊಲಗಳ ನಡುವಿನ ಗಾಡಿದಾರಿ ಹಿಡಿದೆವು. ಅದಕ್ಕೆ ‘ಟ್ರೇಲ್ ರನ್ನಿಂಗ್’ ಎಂಬ ದೊಡ್ಡ ಹೆಸರಿದೆಯೆಂದೂ, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ‘ಮಲ್ನಾಡ್ ಅಲ್ಟ್ರಾ’ ಎಂದು ಐವತ್ತು, ಎಂಬತ್ತು ಕಿಲೋಮೀಟರ್ ಓಡುವವರಿದ್ದಾರೆಂದೂ ಬ್ಯಾಂಕಿನವನು ಹೇಳಿದಾಗ ನಮಗೇ ನಮ್ಮ ಮೇಲೆ ಗೌರವ ಬಂತು.

ಈ ಓಟದ ಸುಖ ಸುಳ್ಳಲ್ಲ. ಫಜರ್ ನಮಾಜು ಮುಗಿಸಿ ಹೊರಟರೆ ಊರಿನ್ನೂ ಕೌದಿಯೊಳಗಿರುತ್ತದೆ. ಹಳ್ಳದ ತಗ್ಗಿಗೆ ಇಳಿದಾಗ ಥಂಡಿ ಮೊಳಕಾಲಿನಿಂದ ಮೇಲೆ ನೀರಿನ ಹಾಗೆ ಏರುತ್ತದೆ. ಆಚೆ ಮಡ್ಡಿಯನ್ನು ಹತ್ತತೊಡಗಿದರೆ ಇಪ್ಪತ್ತು ಮಾರಿನೊಳಗೆ ಗಾಳಿ ಬೆಚ್ಚಗಾಗುತ್ತದೆ. ಭಾರವಾದ ತಣ್ಣನೆಯ ಗಾಳಿ ರಾತ್ರಿಯಿಡೀ ತಗ್ಗಿನಲ್ಲಿ ಬಂದು ನಿಂತಿರುತ್ತದೆ ಎಂಬುದು ಪುಸ್ತಕದ ಮಾತು. ಕಾಲುಗಳಿಗೆ ಅದು ತಿಳಿಯುವ ಬಗೆಯೇ ಬೇರೆ. ಕಬ್ಬಿನ ಎಲೆ ಮೊಳಕೈಗೆ ಗೀರು ಎಳೆಯುತ್ತದೆ. ಎಲ್ಲೋ ಒಬ್ಬರು ನೀರು ಕಾಯಿಸಲು ಹಚ್ಚಿದ ಒಲೆಯ ಹೊಗೆ ಮೂಗಿಗೆ ಬರುತ್ತದೆ. ಮಡ್ಡಿಯ ನೆತ್ತಿಯಲ್ಲಿ ನಾಲ್ವರೂ ಸೊಂಟದ ಮೇಲೆ ಕೈಯಿಟ್ಟು ನಿಂತು, ಯಾರ ಮಾತೂ ಯಾರಿಗೂ ಬೇಡವೆನಿಸುವ ಒಂದೆರಡು ನಿಮಿಷ ಇರುತ್ತದಲ್ಲ, ಅದಕ್ಕಾಗಿಯೇ ಅಲಾರಾಂ ಇಟ್ಟು ಏಳುತ್ತೇವೆ.

ಅದೇ ಚಳಿಗಾಲ ನಮ್ಮ ಸೀಮೆಯಲ್ಲಿ ಕಬ್ಬು ಕಡಿಯುವ ಕಾಲವೂ ಹೌದು. ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುತ್ತಿದ್ದಂತೆ ಬೀಡ್ ಮುಂತಾದ ಬರಗಾಲದ ಜಿಲ್ಲೆಗಳಿಂದ ಕಡಿಯುವವರ ಟೋಳಿಗಳು ಎತ್ತು, ಮಕ್ಕಳು, ಪಾತ್ರೆಪಗಡಿಗಳ ಸಮೇತ ಬಂದಿಳಿಯುತ್ತವೆ. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದು ‘ಕೋಯ್ತಾ’. ಮನುಷ್ಯರನ್ನು ಕುಡುಗೋಲಿನ ಹೆಸರಿನಿಂದ ಎಣಿಸುವ ಈ ಪದ್ಧತಿಯನ್ನು ಯಾರು ಶುರುಮಾಡಿದರೋ! ಮುಕಾದಮನಿಂದ ಮೊದಲೇ ಮುಂಗಡ ಪಡೆದಿರುತ್ತಾರೆ. ಅದು ತೀರುವವರೆಗೆ ಕಡಿಯಬೇಕು. ಒಂದು ದಿನ ತಪ್ಪಿಸಿದರೆ ದಂಡ. 2019ರಲ್ಲಿ ಮಹಾರಾಷ್ಟ್ರ ಸರಕಾರ ನೇಮಿಸಿದ ಸಮಿತಿಯೊಂದು ಬೀಡ್ ಜಿಲ್ಲೆಯಿಂದ ಕಬ್ಬು ಕಡಿಯಲು ಹೋಗುವ 82,309 ಹೆಂಗಸರನ್ನು ವಿಚಾರಿಸಿತು. ಅವರಲ್ಲಿ 13,861 ಮಂದಿಗೆ ಗರ್ಭಕೋಶ ತೆಗೆಸುವ ಶಸ್ತ್ರಚಿಕಿತ್ಸೆ ಆಗಿತ್ತು. ಮುಟ್ಟಿನ ನೋವಿಗೂ ರಜೆಯಿಲ್ಲದ ದುಡಿತ ಇದಕ್ಕೊಂದು ಕಾರಣವೆಂದು ಆಗ ಪತ್ರಿಕೆಗಳು ಬರೆದವು. ದಣಿವಾರಿಸಿಕೊಳ್ಳುವ ಹಕ್ಕು ಇಲ್ಲದಿರುವುದೆಂದರೆ ಏನೆಂದು ಯಾರಾದರೂ ಕೇಳಿದರೆ ನಾವು ಈ ಎರಡು ಅಂಕಿಗಳನ್ನು ಹೇಳಿ ಸುಮ್ಮನಾಗುತ್ತೇವೆ.

ಈಗ ಆ ಬೆಳಗಿನ ವಿಷಯ. ಬ್ಯಾಂಕಿನವನು ಯಾವುದೋ ಗುಡ್ಡದೋಟಕ್ಕೆ ಹಣ ಕಟ್ಟಿ ಹೆಸರು ಬರೆಸಿದ್ದ. ಅವತ್ತು ಹನ್ನೆರಡು ಕಿಲೋಮೀಟರನ್ನು ಎಲ್ಲಿಯೂ ನಿಲ್ಲದೆ ಓಡಿ ಸಮಯ ಹಿಡಿಯುವುದೆಂದು ತೀರ್ಮಾನವಾಗಿತ್ತು. ಹಳ್ಳದ ಹತ್ತಿರ ಯಾರದೋ ಹೊಲದ ನೀರು ದಾರಿಗೆ ಹರಿದು ಕೆಸರಾಗಿತ್ತು. ಅಲ್ಲಿ ಕಬ್ಬು ತುಂಬಿದ ಎತ್ತಿನ ಗಾಡಿಯೊಂದು ಸಿಕ್ಕಿಬಿದ್ದಿತ್ತು. ಒಂದೂವರೆ ಎರಡು ಟನ್ನಿನ ಹೇರು. ಒಂದು ಎತ್ತು ಮೊಣಕಾಲೂರಿತ್ತು. ಗಂಡ ಗಾಲಿಗೆ ಹೆಗಲು ಕೊಟ್ಟಿದ್ದ, ಹೆಂಡತಿ ಹಿಂದಿನಿಂದ ತಳ್ಳುತ್ತಿದ್ದಳು. ನಾಲ್ವರು ಗಟ್ಟಿ ಗಂಡಸರು, ಬಣ್ಣದ ಬೂಟು ಹಾಕಿಕೊಂಡವರು, ಕೆಸರು ತಪ್ಪಿಸಿ ಬದುವಿನ ಮೇಲೆ ಹತ್ತಿ ದಾಟಿಹೋದೆವು. ಆ ಹೆಣ್ಣುಮಗಳು ತಲೆಯೆತ್ತಿ ನೋಡಿದಳು. ಕರೆಯಲಿಲ್ಲ. ನಮ್ಮ ಹಿಂದೆ ಯಾರಾದರೂ ಅಟ್ಟಿಸಿಕೊಂಡು ಬರುತ್ತಿದ್ದಾರೋ ಏನೋ ಎಂಬಂತೆ ನಾವು ಬಂದ ದಾರಿಯ ಕಡೆಗೊಮ್ಮೆ ಕಣ್ಣು ಹಾಯಿಸಿದಳು.

ಮಡ್ಡಿ ಹತ್ತಿ ಇಳಿದು ಮರಳಿ ಬರುವಾಗ ಗಾಡಿ ಇರಲಿಲ್ಲ. ಅರ್ಧ ಹೇರಿನ ಕಬ್ಬು ದಾರಿಯ ಬದಿಗೆ ಒಟ್ಟಿತ್ತು. ಹೊರೆ ಹೊರೆಯಾಗಿ ಇಳಿಸಿ, ಗಾಡಿ ಎಳೆಸಿ, ಉಳಿದದ್ದಕ್ಕೆ ಮತ್ತೊಮ್ಮೆ ಬರುವವರಿದ್ದರು. ಬ್ಯಾಂಕಿನವನ ವಾಚು ಒಳ್ಳೆಯ ಸಮಯ ತೋರಿಸಿತು. ಯಾರೂ ಶಹಬ್ಬಾಸ್ ಅನ್ನಲಿಲ್ಲ.

ಮರುದಿನ ಅವರ ಗುಡಿಸಲುಗಳತ್ತ ಹೋದೆವು. ಕೈಯಲ್ಲಿ ಬಿಸ್ಕೀಟು, ಹಳೆಯ ಸ್ವೆಟರುಗಳಿದ್ದವು. ತಪ್ಪು ಮಾಡಿದವರು ಬರಿಗೈಯಲ್ಲಿ ಹೋಗಲು ಅಂಜುತ್ತಾರೆ. ಆಕೆ ಬೇಡವೆನ್ನದೆ ತೆಗೆದುಕೊಂಡಳು, ಕರಿ ಚಹಾ ಕೊಟ್ಟಳು. ಗಾಡಿಯ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಕೊನೆಗೆ ಮರಾಠಿಯಲ್ಲಿ ಕೇಳಿದಳು: “ಹೀಗೆ ಓಡುವುದಕ್ಕೆ ನಿಮಗೆ ಎಷ್ಟು ಕೊಡುತ್ತಾರೆ?” ಯಾರೂ ಕೊಡುವುದಿಲ್ಲ, ಪಂದ್ಯಕ್ಕೆ ನಾವೇ ಹಣ ಕಟ್ಟುತ್ತೇವೆ ಎಂದೆವು. ಅವಳು ಗಂಡನ ಕಡೆ ತಿರುಗಿ ಅದನ್ನೇ ಹೇಳಿ ನಕ್ಕಳು. ಗಂಡನೂ ನಕ್ಕ. ಅದರಲ್ಲಿ ಕುಹಕವಿರಲಿಲ್ಲ. ಒಳ್ಳೆಯ ಚುಟುಕು ಕೇಳಿದವರ ನಗು ಅದು.

ಆ ನಗು ನಮ್ಮ ಗುಂಪನ್ನು ಒಡೆಯುವ ಹಂತಕ್ಕೆ ತಂದಿತು. ಮಾಸ್ತರರು ಓಟವನ್ನೇ ಬಿಡುತ್ತೇನೆಂದರು. ಅವರ ವಾದ ಸರಳವಾಗಿತ್ತು. ನಮ್ಮ ಶರಣರು ಬೆವರಿಗೆ ಕಾಯಕವೆಂದರು, ಆ ಬೆವರಿನಿಂದ ಇನ್ನೊಬ್ಬರ ಹೊಟ್ಟೆ ತುಂಬುತ್ತಿತ್ತು. ನಮ್ಮ ಬೆವರಿನಿಂದ ಅಂಗಿ ತೊಳೆಯುವವರಿಗೆ ಕೆಲಸ ಹೆಚ್ಚಾಯಿತೇ ಹೊರತು ಬೇರೇನಾಯಿತು? ಹಸಿದವರ ಎದುರು ಉಪವಾಸದ ಆಟ ಆಡಿದ ಹಾಗೆ ಇದು, ಎಂದರು.

ಗೊಬ್ಬರದ ಅಂಗಡಿಯವನು ಸಿಟ್ಟಾದ. ಅವನ ಮಾತನ್ನು ಅವನ ಭಾಷೆಯಲ್ಲೇ ಕೊಡುತ್ತೇವೆ: “ನಮ್ಮವ್ವ ನಿಪ್ಪಾಣ್ಯಾಗ ಬೀಡಿ ಕಟ್ಟಿ ನನ್ನ ಸಾಲಿ ಕಲಿಸ್ಯಾಳ್ರಿ ಸರ್. ದಿನಾ ಸಾವಿರ ಬೀಡಿ. ಕುಂತಲ್ಲೇ ಕುಂತು ಆಕಿ ಬೆನ್ನ ಬಾಗಿ ಹೋತು. ಆಕಿ ಕಟ್ಟಿದ್ದು ಯಾಕ? ನನ್ನ ಮಗನ ಮೈ ಮಾಲಕನ ಮಾತ ಕೇಳೂದ ಬ್ಯಾಡ, ಅವನ ಮಾತ ಕೇಳ್ಲಿ ಅಂತ. ಈ ಒಂದ ತಾಸಿನ ಓಟ ಆಕಿ ಗಳಿಸಿಕೊಟ್ಟ ಆಸ್ತಿ ಐತಿ. ನಾ ಯಾಕ ನಾಚಗೋಬೇಕು?”

ಇದಕ್ಕೆ ಮಾಸ್ತರರ ಬಳಿ ಉತ್ತರವಿರಲಿಲ್ಲ. ನಮ್ಮ ಬಳಿಯೂ ಇರಲಿಲ್ಲ. ಇಷ್ಟು ದಿನ ಬಡವರ ಕಷ್ಟವನ್ನು ಕತೆಗಳಲ್ಲಿ ಬರೆದ ನಮಗೆ, ಆ ಕಷ್ಟದ ಗುರಿಯೇ ಮುಂದಿನ ತಲೆಮಾರಿನ ಇಂಥ ಒಂದು ಬಿಡುವಿನ ಬೆಳಗು ಇರಬಹುದೆಂದು ಹೊಳೆದಿರಲಿಲ್ಲ.

ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಜ್ಞಾನಿ 1978ರಲ್ಲಿ ಪ್ರಕಟವಾದ ‘ದಿ ಗ್ರಾಸ್‌ಹಾಪರ್’ ಎಂಬ ಪುಸ್ತಕದಲ್ಲಿ ಆಟವೆಂದರೇನೆಂದು ವಿಚಾರಿಸಿದ್ದಾನೆ. ಅವನ ವಿಚಾರದ ತಾತ್ಪರ್ಯ ಇಷ್ಟು: ಅಗತ್ಯವಿಲ್ಲದ ಅಡ್ಡಿಯನ್ನು ತಾನಾಗಿಯೇ ಒಪ್ಪಿಕೊಂಡು ದಾಟಲು ನೋಡುವುದೇ ಆಟ. ಅಂದರೆ ಅದೇ ಮಡ್ಡಿ, ಅದೇ ಏರು, ಅದೇ ಏದುಸಿರು ಒಬ್ಬನಿಗೆ ಆಟ, ಇನ್ನೊಬ್ಬನಿಗೆ ಶಿಕ್ಷೆ ಆಗಬಹುದು. ಇಂದು ಜಿಮ್ಮುಗಳಲ್ಲಿ ದುಡ್ಡು ಕೊಟ್ಟು ಹತ್ತುವ ಟ್ರೆಡ್‌ಮಿಲ್ಲಿನ ಪೂರ್ವಜನ ಕತೆ ಇದಕ್ಕೆ ಸಾಕ್ಷಿ. 1818ರಲ್ಲಿ ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರು ಇಂಗ್ಲೆಂಡಿನ ಕೈದಿಗಳನ್ನು ದುಡಿಸಲು ಮೆಟ್ಟಿಲುಗಳ ದೊಡ್ಡ ಚಕ್ರವೊಂದನ್ನು ಮಾಡಿದ. ಕೈದಿಗಳು ದಿನವಿಡೀ ಹತ್ತುತ್ತಲೇ ಇರಬೇಕು, ತಲುಪುವ ಜಾಗವಿಲ್ಲ. ಕೆಲವೆಡೆ ಆ ಚಕ್ರ ಕಾಳು ಬೀಸುತ್ತಿತ್ತು, ಎಷ್ಟೋ ಕಡೆ ಗಾಳಿಯನ್ನಷ್ಟೇ ಬೀಸುತ್ತಿತ್ತು. 1898ರ ಕಾಯ್ದೆಯ ನಂತರ ಅದನ್ನು ಕೈಬಿಟ್ಟರು. ಕೈದ್-ಎ-ಬಾಮಶಕ್ಕತ್ ಎಂದರೆ ಇದೇ. ಮಶಕ್ಕತ್ ಹೋಗಿ ಮಶ್ಕ್ ಆದದ್ದು ಹೇಗೆ? ಯಂತ್ರಕ್ಕೆ ಒಂದು ಗುಂಡಿ ಬಂತು, ಒತ್ತಿದರೆ ನಿಲ್ಲುತ್ತದೆ.

ನಮ್ಮ ತಾಯಿಗೂ ಈ ಓಟ ಹಿಡಿಸುವುದಿಲ್ಲ. ಬೂಟಿನ ದಾರ ಕಟ್ಟುತ್ತ ಕೂತಾಗ ಒಮ್ಮೆ, “ಬೀಬಿ ಹಾಜರಾ ಸಫಾ ಮರ್ವಾದ ನಡುವೆ ಓಡಿದ್ದು ಮಗುವಿನ ನೀರಿಗಾಗಿ. ನಿಮಗೇನು ಬಾಯಾರಿದೆ?” ಎಂದು ಕೇಳಿದರು. ಹಜ್ಜಿಗೆ ಹೋದಾಗ ಅವರೂ ಆ ಏಳು ಸುತ್ತು ಮುಗಿಸಿ ಬಂದವರೇ. ಈಗ ಅಲ್ಲಿ ನಡೆಯುವ, ಓಡುವ ಯಾರಿಗೂ ನೀರಿನ ಕೊರತೆಯಿಲ್ಲ. ಒಬ್ಬ ಒಂಟಿ ತಾಯಿ ಗತಿಯಿಲ್ಲದೆ ಓಡಿದ್ದನ್ನು ಲಕ್ಷಾಂತರ ಮಂದಿ ಬೇಕೆಂದೇ ಓಡಿ ನೆನೆಯುತ್ತಾರೆ. ಹಾಗಾದರೆ ಬೇಕೆಂದು ಪಡುವ ದಣಿವು ಬೇಡದ ದಣಿವನ್ನು ಅಣಕಿಸಲೇಬೇಕೆಂದಿಲ್ಲ; ಅದನ್ನು ನೆನಪಿನಲ್ಲಿಡಲೂಬಹುದು. ತಾಯಿಗೆ ಇದನ್ನು ಹೇಳಲಿಲ್ಲ. ಅವರ ಎದುರು ನಮ್ಮ ತರ್ಕ ಯಾವತ್ತೂ ನಡೆದಿಲ್ಲ.

ಗುಂಪು ಉಳಿದದ್ದು ಬ್ಯಾಂಕಿನವನಿಂದ, ಆಶ್ಚರ್ಯವೆಂದರೆ. ಅವನು ವಾದ ಮಾಡಲಿಲ್ಲ, ಒಂದು ಘಟನೆ ಹೇಳಿದ. ಓಟಗಾರರಿಗೆ ಗೊತ್ತಿರುವ, ಉಳಿದವರು ಮರೆತಿರುವ ಘಟನೆ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನೂರು ಕಿಲೋಮೀಟರಿನ ಗುಡ್ಡದೋಟ ನಡೆಯಿತು. ಹೊರಟವರು 172 ಮಂದಿ, ಹೆಚ್ಚಿನವರು ತೆಳು ಅಂಗಿ ಚಡ್ಡಿಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು, ಕೊರೆಯುವ ಮಳೆ, ನಿಲ್ಲಗೊಡದ ಗಾಳಿ. 21 ಮಂದಿ ಚಳಿಗೆ ಸೆಟೆದು ಸತ್ತರು. ಸತ್ತವರಲ್ಲಿ ಲಿಯಾಂಗ್ ಜಿಂಗ್‌ನಂತಹ ಆ ದೇಶದ ಅತ್ಯುತ್ತಮ ಓಟಗಾರರೂ ಇದ್ದರು.

ಅದೇ ಗುಡ್ಡದಲ್ಲಿ ಅವತ್ತು ಝು ಕೆಮಿಂಗ್ ಎಂಬ ಕುರುಬ ಕುರಿ ಮೇಯಿಸುತ್ತಿದ್ದ. ಗಾಳಿ ತಿರುಗಿದ್ದನ್ನು ಕಂಡು ಗುಹೆ ಸೇರಿದ. ಇಂಥ ದಿನಕ್ಕೆಂದೇ ಅಲ್ಲಿ ಬಟ್ಟೆ, ಹೊದಿಕೆ, ತಿನಿಸು ಇಟ್ಟಿದ್ದ. ಹೊರಗೆ ಓಟಗಾರನೊಬ್ಬ ಕಾಲು ಸೆಟೆದು ನಿಂತಿದ್ದು ಕಾಣಿಸಿತು. ಅವನನ್ನು ಒಳಗೆ ಕರೆತಂದು, ಬೆಂಕಿ ಹಚ್ಚಿ, ಕೈಕಾಲು ತಿಕ್ಕಿದ. ಇನ್ನೂ ನಾಲ್ವರು ಬಂದು ಸೇರಿದರು, ಹೊರಗೆ ಬಿದ್ದವರಿದ್ದಾರೆ ಎಂದರು. ಕುರುಬ ಮತ್ತೆ ಹೊರಗೆ ಹೋಗಿ ಎಚ್ಚರ ತಪ್ಪಿದವನೊಬ್ಬನನ್ನು ಎಳೆದು ತಂದ. ಒಟ್ಟು ಆರು ಜೀವ ಉಳಿದವು. ಆಮೇಲೆ ಲೋಕವೆಲ್ಲ ಹೊಗಳಿದಾಗ ಅವನು ತಾನು ಸಾಮಾನ್ಯ ಮನುಷ್ಯನೆಂದೂ ಉಳಿದವರನ್ನು ಉಳಿಸಲಾಗದ್ದಕ್ಕೆ ಬೇಸರವಾಗಿದೆಯೆಂದೂ ಹೇಳಿದ.

ಇಷ್ಟು ಹೇಳಿ ಬ್ಯಾಂಕಿನವನು, “ಅಂವ ಕೆಲಸದ ಮ್ಯಾಲಿದ್ದ. ನಾವು ಆಟದ ಮ್ಯಾಲಿದ್ವಿ. ನಿಂತಂವ ಅಂವ” ಎಂದ. ಅವನ ಮಾತು ಗಾನ್ಸುವಿನದೋ ನಮ್ಮ ಹಳ್ಳದ ದಾರಿಯದೋ ಎಂದು ಯಾರೂ ಕೇಳಲಿಲ್ಲ.

ಅಂದಿನಿಂದ ನಮಗೆ ಅನಿಸುತ್ತಿರುವುದು ಇಷ್ಟು. ಬೆವರು ಎಲ್ಲರದೂ ಉಪ್ಪೇ. ಆದರೆ ನಾವು ಬೇಕಾದ ಗಳಿಗೆಯಲ್ಲಿ ನಿಲ್ಲಬಹುದು, ನಿಂತರೆ ನಮ್ಮ ಮನೆಯ ಒಲೆ ಆರುವುದಿಲ್ಲ. ಗಾಡಿಯವನು ನಿಂತರೆ ದಿನದ ಕೂಲಿ ಹೋಗುತ್ತದೆ, ಮೇಲೆ ದಂಡ. ನಿಲ್ಲುವ ಅನುಕೂಲ ಇದ್ದವರು ನಾವು, ನಿಲ್ಲಬೇಕಾದವರೂ ನಾವೇ ಆಗಿದ್ದೆವು. ಅವತ್ತಿನ ತಪ್ಪು ಓಡಿದ್ದಲ್ಲ ಎಂದು ಗೊಬ್ಬರದ ಅಂಗಡಿಯವನಿಗೆ ಒಪ್ಪಿದ್ದೇವೆ. ಆಟಕ್ಕೆ ನಾವೇ ಕಟ್ಟಿಕೊಂಡ ಗಡಿಯಾರವನ್ನು ಮುಕಾದಮನೆಂದು ಭಾವಿಸಿದೆವಲ್ಲ, ತಪ್ಪು ಅಲ್ಲಿತ್ತು. ಮಾಸ್ತರರು ಇದನ್ನು ಪೂರ್ತಿ ಒಪ್ಪಿಲ್ಲ. ಓಡಲು ಬರುತ್ತಾರೆ, ಆದರೆ ಗುಡಿಸಲುಗಳ ಹತ್ತಿರ ಬಂದಾಗ ನಡೆಯುತ್ತಾರೆ. ಅವರಿಗಾಗಿ ನಾವೂ ನಡೆಯುತ್ತೇವೆ.

ನಮ್ಮ ಮಶ್ಕ್ ಮಶಕ್ಕತ್‌ಗಳ ಲೆಕ್ಕಕ್ಕೆ ಸಿಗದ ಇನ್ನೊಂದು ಗುಂಪು ಅದೇ ದಾರಿಯಲ್ಲಿ ಓಡುತ್ತದೆ. ಪೊಲೀಸ್ ಭರ್ತಿ, ಸೈನ್ಯದ ಭರ್ತಿಗೆ ತಯಾರಿ ನಡೆಸುವ ಹುಡುಗರು. ಬೂಟು ಇದ್ದವರು ಕೆಲವರು, ಬರಿಗಾಲಿನವರು ಕೆಲವರು. ಕೊರೋನಾ ಕಾಲದಲ್ಲಿ ಸೇನಾ ಭರ್ತಿ ನಿಂತು, 2022ರಲ್ಲಿ ಅಗ್ನಿಪಥ ಬರುವ ಹೊತ್ತಿಗೆ ವಯಸ್ಸು ಮೀರಿದವರು ಇಂಥ ದಾರಿಗಳಿಂದ ಸದ್ದಿಲ್ಲದೆ ಕಾಣೆಯಾದರು. ಅವರ ತಮ್ಮಂದಿರು ಈಗ ಓಡುತ್ತಿದ್ದಾರೆ. ಅವರ ಓಟ ಆಟವಲ್ಲ, ಯಾರೂ ಕೂಲಿಯನ್ನೂ ಕೊಡುವುದಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಹುಡುಗ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಲೇಬೇಕು. ಅವರು ಬಂದರೆ ನಾವು ಬದುವಿಗೆ ಸರಿದು ದಾರಿ ಬಿಡುತ್ತೇವೆ.

ಕಳೆದ ವಾರ ಅವರಲ್ಲೊಬ್ಬ ಬ್ಯಾಂಕಿನವನ ಕೈಯ ವಾಚು ನೋಡಿ, “ಕಾಕಾ, ನನ್ನ ಟೈಮ್ ಹಿಡೀತೀರೇನ್ರಿ?” ಎಂದು ಕೇಳಿದ. ಅವನು ತನ್ನ ಓಟ ಬಿಟ್ಟು ದಾರಿಯ ಕೊನೆಗೆ ಹೋಗಿ ನಿಂತ. ಮಂಜಿನೊಳಗಿಂದ ಹುಡುಗ ಬಾಯಿ ತೆರೆದುಕೊಂಡು ಬಂದು, ಗೆರೆ ದಾಟಿ, ಮೊಳಕಾಲು ಹಿಡಿದು ಬಗ್ಗಿದ. ಆರು ನಿಮಿಷ ನಲವತ್ತೊಂದು ಸೆಕೆಂಡು.

“ಹನ್ನೊಂದು ಸೆಕೆಂಡ್ ಹೆಚ್ಚಾತಪ್ಪಾ” ಎಂದ ಬ್ಯಾಂಕಿನವನು.

ಹುಡುಗ ತಲೆಯಾಡಿಸಿದ. ಬೆನ್ನು ನೆಟ್ಟಗೆ ಮಾಡಿಕೊಂಡು, ಬಂದ ದಾರಿಯಲ್ಲೇ ಮತ್ತೆ ಶುರುವಿನ ಗೆರೆಯತ್ತ ನಡೆದ.