ಯಾರೂ ಕಾಣದ ಲೆಕ್ಕ

ಬ್ಯಾಂಕಿನಲ್ಲಿ ಸಂಜೆ ಜಮೆ-ಖರ್ಚು ತಾಳೆಯಾಗದೆ ನಮಗೆ ಬಿಡುಗಡೆಯಿಲ್ಲ. ಲೆಕ್ಕಕ್ಕೆ ಉತ್ತರ ಒಂದೇ ಎಂಬ ನಂಬಿಕೆ ಹೀಗೆ ರಕ್ತಗತವಾಗಿದೆ. ಆದ್ದರಿಂದಲೇ ಖಗೋಳಜ್ಞರು ತಮ್ಮ ಲೆಕ್ಕ ತಿದ್ದಿದ ಸುದ್ದಿ ಓದಿ ಕಸಿವಿಸಿಯಾಯಿತು. ನಮ್ಮ ಕ್ಷೀರಪಥಕ್ಕೂ ನೆರೆಯ ಆಂಡ್ರೊಮಿಡಾ ಗ್ಯಾಲಕ್ಸಿಗೂ ಸುಮಾರು 400 ಕೋಟಿ ವರ್ಷಗಳಲ್ಲಿ ಡಿಕ್ಕಿ ಖಂಡಿತವೆಂದು 2012ರಲ್ಲಿ ನಾಸಾ ಸಾರಿತ್ತು. ಮುಂದಿನ 1000 ಕೋಟಿ ವರ್ಷಗಳಲ್ಲಿ ಅದರ ಸಂಭವ ಅರ್ಧಕ್ಕರ್ಧ ಮಾತ್ರ ಎಂದಿತು 2025ರ ಇನ್ನೊಂದು ಅಧ್ಯಯನ. ಹಾಗಾದರೆ ಮೊದಲು ಹೇಳಿದ್ದು ಸುಳ್ಳೇ?

ಗ್ಯಾಲಕ್ಸಿಗಳ ಕೂಡುವಿಕೆ ಕೋಟ್ಯಂತರ ವರ್ಷಗಳ ವ್ಯವಹಾರ. ಆಕಾಶ ನಮಗೆ ತೋರಿಸುವುದು ಅದರ ಒಂದು ನಿಶ್ಚಲ ಚಿತ್ರವನ್ನು ಮಾತ್ರ. ಆದಿ-ಅಂತ್ಯಗಳಿಗೆ ಸಾಕ್ಷಿ ಯಾರೂ ಇಲ್ಲ. ಅಣಕು ಆಟ ಆಡಿಸಿ ನೋಡುವುದೊಂದೇ ದಾರಿ. ಸ್ವೀಡನ್ನಿನ ಎರಿಕ್ ಹೋಮ್‌ಬರ್ಗ್ 1941ರಲ್ಲಿ ಕಂಪ್ಯೂಟರ್ ಇಲ್ಲದೆಯೇ ಇದನ್ನು ಮಾಡಿದರು. 74 ವಿದ್ಯುತ್ ಬಲ್ಬುಗಳ ಎರಡು ಗುಂಪುಗಳೇ ಅವರ ಗ್ಯಾಲಕ್ಸಿಗಳು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಗುರುತ್ವಾಕರ್ಷಣೆಯೂ ಹಾಗೆಯೇ. ಒಂದೊಂದು ಬಲ್ಬಿನ ಜಾಗದಲ್ಲೂ ಬೀಳುವ ಬೆಳಕನ್ನು ಅಳೆದು, ಅದನ್ನೇ ಸೆಳೆತವೆಂದು ಹಿಡಿದು, ಬಲ್ಬುಗಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಹೋದರು. ಆ ತಾಳ್ಮೆಗೆ ಕೈಮುಗಿಯಬೇಕು! 1972ರಲ್ಲಿ ಅಲಾರ್ ಮತ್ತು ಯೂರಿ ಟೂಮ್ರೆ ಸಹೋದರರು ಕಂಪ್ಯೂಟರಿನಲ್ಲಿ ಗ್ಯಾಲಕ್ಸಿಗಳನ್ನು ಪರಸ್ಪರ ಹತ್ತಿರ ಹಾಯಿಸಿದಾಗ, ‘ಆಂಟೆನಾ’ ಜೋಡಿಗಿರುವಂಥ ನೀಳ ಬಾಲಗಳು ಗುರುತ್ವಾಕರ್ಷಣೆಯೊಂದರಿಂದಲೇ ಮೂಡಿಬಂದವು. ಆಕಾಶವೂ ಲೆಕ್ಕವೂ ತಾಳೆಯಾದವು.

“ಪ್ರಶ್ನೆ ಇಡುವ ಜೋಯಿಸರೂ ಗ್ರಹಗತಿ ಗುಣಿಸಿಯೇ ಹೇಳುವುದಲ್ಲವೇ, ವ್ಯತ್ಯಾಸವೇನು?” ಎಂದು ಮಲಯಾಳಿ ಸಹೋದ್ಯೋಗಿಯೊಬ್ಬರು ಕೇಳಿದರು. ಕುಚೋದ್ಯದ ಮಾತಲ್ಲ. ಜೋಯಿಸರ ಮಾತು ತಪ್ಪಿದರೆ ನಮ್ಮ ಗ್ರಹಚಾರವೆಂದು ಸುಮ್ಮನಾಗುತ್ತೇವೆ. ಇಲ್ಲಿ ತಪ್ಪನ್ನೇ ಹುಡುಕಿ ಬರೆದಿಡುತ್ತಾರೆ. 2025ರವರು ಒಂದೇ ಲೆಕ್ಕ ಮಾಡಲಿಲ್ಲ. ಅಳತೆಗಳು ಎಷ್ಟು ತಪ್ಪಿರಬಹುದೋ ಅಷ್ಟರೊಳಗೆ ಆರಂಭದ ಅಂಕಿಗಳನ್ನು ಬದಲಿಸುತ್ತ ಸುಮಾರು ಒಂದು ಲಕ್ಷ ಸಲ ಆಡಿಸಿದರು. ದೊಡ್ಡ ಮೆಗಲನ್ ಮೋಡವೆಂಬ ಕಿರಿಯ ಗ್ಯಾಲಕ್ಸಿಯ ಸೆಳೆತವನ್ನೂ ಸೇರಿಸಿದಾಗ ಡಿಕ್ಕಿಯ ಸಂಭವ ಇಳಿಯಿತು. 2012ರವರು ಅದನ್ನು ಹಿಡಿದಿರಲಿಲ್ಲ. ಸುಳ್ಳು ಬರೆದವರಲ್ಲ ಅವರು, ಒಂದು ಖಾತೆ ಬಿಟ್ಟು ಕೂಡಿದ್ದರು, ಅಷ್ಟೇ. ಆದರೆ ‘ಖಂಡಿತ’ ಎಂಬ ಮಾತಿಗೆ ಬೇಕಾದಷ್ಟು ಜಮೆ ಆಗ ಯಾರಲ್ಲೂ ಇರಲಿಲ್ಲ. ಕಾಣದ್ದರ ಬಗ್ಗೆ ಮಾತಾಡಿದ್ದಕ್ಕಲ್ಲ, ಆ ಒಂದು ಪದಕ್ಕಷ್ಟೇ ನನ್ನ ಆಕ್ಷೇಪ.

ಇದನ್ನೆಲ್ಲ ಸಹೋದ್ಯೋಗಿಗೆ ವಿವರಿಸಿದೆ. “ಅಂತೂ ಡಿಕ್ಕಿಯಾಗುವುದೋ ಇಲ್ಲವೋ?” ಎಂದರು. ಅರ್ಧಕ್ಕರ್ಧ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ; ನಿಜ ಹೇಳಬೇಕೆಂದರೆ, ನನಗೂ ಪೂರ್ತಿ ಆಗಿಲ್ಲ.