ಒಪ್ಪಿಸಿದ ಗುಟ್ಟು ಮತ್ತು ಯಂತ್ರ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಕನ್ನಡ, ಮರಾಠಿಗಳೆರಡೂ ಬಳಕೆಯ ಭಾಷೆಗಳು. ಅಲ್ಲಿನ ಪತ್ತಿನ ಸಹಕಾರಿ ಸಂಘವೊಂದಕ್ಕೆ ರೈತರೊಬ್ಬರು ಮರಾಠಿಯಲ್ಲಿ ಸಾಲದ ಅರ್ಜಿ ಕೊಟ್ಟರೆನ್ನೋಣ. ಅದರಲ್ಲಿ ಆಧಾರ್ ಸಂಖ್ಯೆಯಿದೆ, ಹಳೆಯ ಬಾಕಿಯಿದೆ, ನೆರೆಯವರಿಗೂ ತಿಳಿಸದ ಮಗಳ ಕಾಯಿಲೆಯ ವಿವರವಿದೆ. ಗುಮಾಸ್ತನು ಕನ್ನಡ ಅನುವಾದಕ್ಕಾಗಿ ಅದನ್ನು ಇದ್ದಂತೆಯೇ ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಒಪ್ಪಿಸಿದರೆ ಕೆಲಸ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಆ ಗುಟ್ಟು ಸಂಘದ ಕಪಾಟನ್ನು ದಾಟಿ ಎಲ್ಲಿಯದೋ ಗಣಕಗಳನ್ನು ಸೇರುತ್ತದೆ.

ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸತ್ಯಾಣುವ್ರತದ 5 ಅತಿಚಾರಗಳಲ್ಲಿ ಗುಟ್ಟನ್ನು ಹೊರಗೆಡಹುವ ರಹೋಭ್ಯಾಖ್ಯಾನವನ್ನೂ ಸುಳ್ಳು ಬರಹವಾದ ಕೂಟಲೇಖಕ್ರಿಯೆಯನ್ನೂ ಎಣಿಸಿದೆ. ಯಂತ್ರವು ಮೊತ್ತವನ್ನೋ ತಾರೀಖನ್ನೋ ತಪ್ಪಾಗಿ ಬರೆಯುವುದುಂಟು. ಓದದೆ ಸಹಿ ಹಾಕುವವನು ಎರಡನೆಯ ದೋಷದ ಹೊಸ್ತಿಲಲ್ಲಿದ್ದಾನೆ.

"ಯಂತ್ರ ಮಾಡಿತು, ನಾನಲ್ಲ" ಎಂಬ ಮಾತು ನಿಲ್ಲದು. ತಾನು ಮಾಡಿದ ಕೃತ, ಮಾಡಿಸಿದ ಕಾರಿತ, ಒಪ್ಪಿದ ಅನುಮತ ಈ ಮೂರರಿಂದಲೂ ಕರ್ಮಾಸ್ರವವೆಂಬುದು ಜೈನ ಸಿದ್ಧಾಂತ. ಗುಮಾಸ್ತನದು ಕಾರಿತವಾದರೆ, ಕಂಡೂ ಸಮ್ಮತಿಸಿದ ಆಡಳಿತ ಮಂಡಳಿಯದು ಅನುಮತ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಅನ್ಯರಿಂದ ಮಾಡಿಸಿದ ದತ್ತಾಂಶ ಸಂಸ್ಕರಣೆಯ ಹೊಣೆಯನ್ನು ಮಾಡಿಸಿದ ಸಂಸ್ಥೆಯ ಮೇಲೆಯೇ ಇರಿಸಿದೆ.

ಹಾಗೆಂದು ಯಂತ್ರವನ್ನು ತ್ಯಜಿಸಬೇಕಾಗಿಲ್ಲ. ನೀರನ್ನು ಸೋಸಿ ಕುಡಿಯುವ ಮನೆಗಳಿಗೆ ಮಾರ್ಗ ತಿಳಿದೇ ಇದೆ. ಹೆಸರು, ಸಂಖ್ಯೆಗಳನ್ನು ಸೋಸಿ ತೆಗೆದು ಉಳಿದುದನ್ನಷ್ಟೇ ಕೊಡಬೇಕು. ಕಾಯಿಲೆಯ ನಾಲ್ಕು ಸಾಲುಗಳನ್ನು ಗುಮಾಸ್ತನೇ ಅನುವಾದಿಸಬೇಕು. ಬಂದುದನ್ನು ಮೂಲದೊಡನೆ ಹೋಲಿಸಿದ ಮೇಲೆಯೇ ಸಹಿ ಹಾಕಬೇಕು. ಬಸದಿಗೆ ಗುಪ್ತದಾನ ಕೊಟ್ಟವರ ಹೆಸರಿಗೂ ಇದೇ ನಿಯಮ. ಅರ್ಧ ಗಂಟೆ ಹೆಚ್ಚು ತಗಲಬಹುದು. ನಂಬಿ ಬಂದವರ ಮಾನ ಅಷ್ಟಕ್ಕೆ ಉಳಿಯುತ್ತದೆ.